ನೂಕಿದರೆ ಸಾಗುವ ದುರ್ಬೀನು

ಲಡಾಖಿನ ಹಾನ್ಲೆಯಲ್ಲಿ ಬೆಟ್ಟದ ಮೇಲೊಂದು ದೊಡ್ಡ ದುರ್ಬೀನಿದೆ. ಹೆಸರು ಹಿಮಾಲಯನ್ ಚಂದ್ರ ಟೆಲಿಸ್ಕೋಪ್. ಸುಮಾರು 4,500 ಮೀಟರ್ ಎತ್ತರದಲ್ಲಿ, 2 ಮೀಟರ್ ಅಗಲದ ಕನ್ನಡಿ ಹೊತ್ತು, 2000ನೇ ಇಸವಿಯಿಂದ ಅದು ಆಕಾಶ ನೋಡುತ್ತಿದೆ. ಆದರೆ ಅದಕ್ಕೆ ಕಣ್ಣು ಹಚ್ಚಿ ನೋಡುವವರು ಯಾರೂ ಇಲ್ಲ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು ಹೊಸಕೋಟೆಯಲ್ಲಿ ಕುಳಿತು, ಉಪಗ್ರಹ ಸಂಪರ್ಕದ ಮೂಲಕ ಅದನ್ನು ನಡೆಸುತ್ತಾರೆ. ಅದು ಕಂಡದ್ದು ಅಂಕಿಗಳಾಗಿ ಇಳಿದು ಬರುತ್ತದೆ.

ಬೆಟ್ಟದ ಕೆಳಗಿನ ಬಯಲಿನ ಕಥೆ ಬೇರೆ. ಇಲ್ಲಿಯದು ಶೀತ ಮರುಭೂಮಿ. ಮಳೆ ತೀರ ಕಡಿಮೆ, ಗಾಳಿ ತೆಳು ಮತ್ತು ಒಣ, ಸುತ್ತ ದೊಡ್ಡ ಊರಿನ ಬೆಳಕಿಲ್ಲ. 2022ರ ಕೊನೆಯಲ್ಲಿ ಇಲ್ಲಿನ ಸಾವಿರಕ್ಕೂ ಹೆಚ್ಚು ಚದರ ಕಿಲೋಮೀಟರ್ ಪ್ರದೇಶವನ್ನು ಕತ್ತಲಾಕಾಶದ ಮೀಸಲು ಎಂದು ಘೋಷಿಸಲಾಯಿತು. ಮರುವರ್ಷದಿಂದ ಮಳೆಗಾಲ ಮುಗಿದ ಮೇಲೆ, ಅಮಾವಾಸ್ಯೆಯ ಆಸುಪಾಸಿನಲ್ಲಿ, ದೇಶದ ಹವ್ಯಾಸಿ ಖಗೋಳ ವೀಕ್ಷಕರು ತಂತಮ್ಮ ದುರ್ಬೀನುಗಳನ್ನು ಹೊತ್ತು ಇಲ್ಲಿ ಕೂಡುತ್ತಿದ್ದಾರೆ. ಇಂಥ ಕೂಟಗಳಲ್ಲಿ ಹೆಚ್ಚು ಜನ ಸಾಲು ನಿಲ್ಲುವುದು ಮೋಟರಿಲ್ಲದ, ತಂತಿಯಿಲ್ಲದ, ಪ್ಲೈವುಡ್ ಪೆಟ್ಟಿಗೆಯಲ್ಲಿ ಕೂತ ಒಂದು ಕೊಳವೆಯ ಮುಂದೆ. ಅದೇ ಡಾಬ್ಸೋನಿಯನ್.

ಅದಕ್ಕೆ ಈ ಹೆಸರು ಬಂದದ್ದು ಅದನ್ನು ರೂಪಿಸಿದ ಜಾನ್ ಡಾಬ್ಸನ್ ಅವರಿಂದ. ಅವರು ಹುಟ್ಟಿದ್ದು 1915ರಲ್ಲಿ, ಬೀಜಿಂಗಿನಲ್ಲಿ. ಬರ್ಕ್ಲಿಯಲ್ಲಿ ರಸಾಯನ ಶಾಸ್ತ್ರ ಓದಿದರು. 1944ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ವೇದಾಂತ ಮಠ ಸೇರಿ ಸನ್ಯಾಸಿಯಾದರು. ವಿವೇಕಾನಂದರು 1900ರಲ್ಲಿ ಸ್ಥಾಪಿಸಿದ ವೇದಾಂತ ಸೊಸೈಟಿಯ ಮಠ ಅದು. ಸನ್ಯಾಸಿಯ ಕೈಯಲ್ಲಿ ಕಾಸೆಲ್ಲಿ? ಹಡಗಿನ ಕಿಟಕಿಯ ಹಳೆಯ ದಪ್ಪ ಗಾಜು ತಂದು ಉಜ್ಜಿ ಕನ್ನಡಿ ಮಾಡಿದರು, ಕಾಂಕ್ರೀಟ್ ಕಂಬ ಎರಕಕ್ಕೆ ಬಳಸುವ ರಟ್ಟಿನ ಕೊಳವೆಯನ್ನು ಒಡಲು ಮಾಡಿದರು. ಸಿದ್ಧವಾದದ್ದನ್ನು ಬೀದಿಗೆ ಒಯ್ದು, ಹೋಗಿಬರುವವರಿಗೆಲ್ಲ ಚಂದ್ರನನ್ನೂ ಶನಿಯನ್ನೂ ತೋರಿಸಿದರು. ದುರ್ಬೀನಿನ ಬೆನ್ನು ಹತ್ತಿ ಮಠದಿಂದ ಆಗಾಗ ಹೊರಗಿರುತ್ತಿದ್ದ ಅವರು 1967ರಲ್ಲಿ ಮಠ ಬಿಡಬೇಕಾಯಿತು. ಮರುವರ್ಷ ಕಾಲುದಾರಿಯ ಖಗೋಳ ವೀಕ್ಷಕರ ಸಂಘ ಹುಟ್ಟಿತು. ಮುಂದೆ ಕ್ಯಾಲಿಫೋರ್ನಿಯಾದ ಡೆತ್ ವ್ಯಾಲಿ ಮರುಭೂಮಿಗೂ ಆ ದೊಡ್ಡ ಕೊಳವೆಗಳು ಹೋದವು. 2014ರಲ್ಲಿ ತೀರಿಕೊಂಡ ಡಾಬ್ಸನ್ ತಮ್ಮ ವಿನ್ಯಾಸಕ್ಕೆ ಪೇಟೆಂಟ್ ಪಡೆಯಲಿಲ್ಲ. ಅದು ಇಷ್ಟು ಊರುಗಳಿಗೆ ಹಬ್ಬಲು ಇದೇ ದೊಡ್ಡ ಕಾರಣ ಎಂದು ನನ್ನ ನಂಬಿಕೆ.

ಒಳಗಿನ ಕನ್ನಡಿಯಲ್ಲಿ ಹೊಸತೇನಿಲ್ಲ. ನ್ಯೂಟನ್ 1668ರಲ್ಲಿ ಮಾಡಿದ ಉಪಾಯವೇ. ಕೊಳವೆಯ ತಳದಲ್ಲಿ ತಗ್ಗುಗನ್ನಡಿ, ಬಾಯಿಯ ಹತ್ತಿರ ಬೆಳಕನ್ನು ಪಕ್ಕಕ್ಕೆ ತಿರುಗಿಸುವ ಚಿಕ್ಕ ಓರೆಗನ್ನಡಿ, ಅಲ್ಲೊಂದು ಐಪೀಸ್. ಎಂಟು ಇಂಚಿನ ಕನ್ನಡಿ, ಕತ್ತಲಲ್ಲಿ 7 ಮಿಲಿಮೀಟರ್ ತೆರೆಯುವ ನಮ್ಮ ಕಣ್ಣಪಾಪೆಗಿಂತ ಸುಮಾರು 800 ಪಟ್ಟು ಬೆಳಕು ಹಿಡಿಯುತ್ತದೆ. ಹೊಸತಿರುವುದು ಕೆಳಗಿನ ಪೆಟ್ಟಿಗೆಯಲ್ಲಿ. ಆವರೆಗೆ ಹವ್ಯಾಸಿಗಳು ಭೂಮಿಯ ಅಕ್ಷಕ್ಕೆ ಸರಿಹೊಂದಿಸಿದ, ಭಾರವಾದ, ದುಬಾರಿ ಲೋಹದ ಪೀಠವನ್ನು ನೆಚ್ಚಿಕೊಂಡಿದ್ದರು. ಡಾಬ್ಸನ್ ಪೀಠಕ್ಕೆ ಎರಡೇ ಚಲನೆ: ಬೀಸುವ ಕಲ್ಲಿನ ಹಾಗೆ ನೆಲಕ್ಕೆ ಸಮನಾಗಿ ಸುತ್ತುವುದು, ಮೇಲೆ ಕೆಳಗೆ ಬಾಗುವುದು.

ಇದರ ಜಾಣತನವೆಲ್ಲ ಉಜ್ಜುವ ಜಾಗದಲ್ಲಿದೆ. ಸಾಮಾನ್ಯವಾಗಿ ನಿಂತ ವಸ್ತುವನ್ನು ಕದಲಿಸಲು ಬೇಕಾದ ಬಲ, ಕದಲಿದ್ದನ್ನು ಸಾಗಿಸುವ ಬಲಕ್ಕಿಂತ ಹೆಚ್ಚು. ಹಾಗಾಗಿ ನೂಕಿದರೆ ಮೊದಲು ಮಿಸುಕದೆ, ಆಮೇಲೆ ತಟ್ಟನೆ ಜಿಗಿಯುತ್ತದೆ. ನೂರು ಪಟ್ಟು ಹಿಗ್ಗಿಸಿ ನೋಡುವಾಗ ಅಂಥ ಒಂದು ಜಿಗಿತಕ್ಕೆ ನಕ್ಷತ್ರ ಕಳೆದೇಹೋಗುತ್ತದೆ. ಸನ್‌ಮೈಕದಂಥ ಹಾಳೆಯ ಮೇಲೆ ಟೆಫ್ಲಾನ್ ತುಂಡುಗಳು ಜಾರುವಾಗ ಈ ಎರಡು ಬಲಗಳು ಹೆಚ್ಚುಕಡಿಮೆ ಒಂದೇ. ಬೆರಳಿನಿಂದ ನೂಕಿದಷ್ಟೇ ಸಾಗುತ್ತದೆ, ಬಿಟ್ಟಲ್ಲಿ ನಿಲ್ಲುತ್ತದೆ. ಭೂಮಿ ತಿರುಗುವುದರಿಂದ ಕಾಯ ನೋಟದಿಂದ ಜಾರುತ್ತಲೇ ಇರುತ್ತದೆ. ನೂರು ಪಟ್ಟಿನಲ್ಲಿ ಈ ಅಂಚಿನಿಂದ ಆ ಅಂಚಿಗೆ ಹೋಗಲು ಹೆಚ್ಚೆಂದರೆ ಎರಡು ಮೂರು ನಿಮಿಷ. ನೋಡುವವರು ತಾವೇ ನೂಕುತ್ತಿರಬೇಕು. ಕೊರತೆಯೂ ಉಂಟು. ನೇರ ನೆತ್ತಿಯ ಬಳಿ ಈ ಪೀಠ ಮೊಂಡುತನ ಮಾಡುತ್ತದೆ: ಕೊಳವೆ ನೆಟ್ಟಗೆ ನಿಂತಾಗ ಪಕ್ಕಕ್ಕೆ ನೂಕಲು ಹಿಡಿತವೇ ಸಿಗದು. ಹಾನ್ಲೆಯಲ್ಲಿ 25 ಲಕ್ಷ ಜ್ಯೋತಿರ್ವರ್ಷ ದೂರದ ಆಂಡ್ರೊಮೆಡಾ ಗೆಲಾಕ್ಸಿ ಹಾದುಹೋಗುವುದು ಹೆಚ್ಚುಕಡಿಮೆ ಅಲ್ಲೇ. ಅದು ಪೂರ್ವದಲ್ಲಿ ಏರುತ್ತಿರುವಾಗಲೇ ನೋಡಿಬಿಡುವುದು ಮೇಲು.

ಮರುಭೂಮಿಯ ಚಳಿಯೂ ಒಂದು ಸವಾಲು. ಹೊತ್ತು ಮುಳುಗಿದೊಡನೆ ಗಾಳಿ ತಣಿಯುತ್ತದೆ, ದಪ್ಪ ಗಾಜು ಹಾಗಲ್ಲ. ಬಿಸಿಯಿರುವ ಕನ್ನಡಿಯ ಮೇಲೆ ಗಾಳಿ ಕದಡಿ, ಶನಿಯ ಬಳೆ ನೀರಿನಡಿ ಇದ್ದಂತೆ ಅಲುಗುತ್ತದೆ. ಅದಕ್ಕೇ ಅನುಭವಸ್ಥರು ಸಂಜೆಗೆ ಮೊದಲೇ ದುರ್ಬೀನನ್ನು ಬಯಲಿಗಿಟ್ಟಿರುತ್ತಾರೆ.

ಕೊನೆಯ ಯಂತ್ರಭಾಗ ನಮ್ಮ ಕಣ್ಣು. ಮಂದ ಬೆಳಕನ್ನು ಗ್ರಹಿಸುವ ಸರಳು ಕೋಶಗಳು ಎಚ್ಚರಗೊಳ್ಳಲು ಅರ್ಧ ಗಂಟೆಯ ಕತ್ತಲು ಬೇಕು. ಮೊಬೈಲಿನ ಒಂದು ಮಿಂಚು ಅದನ್ನೆಲ್ಲ ಕೆಡಿಸುತ್ತದೆ. ಕೆಂಪು ಬೆಳಕಿಗೆ ಅವು ಅಷ್ಟಾಗಿ ಬೆದರುವುದಿಲ್ಲ. ನೋಟದ ನಟ್ಟನಡುವೆ ಈ ಕೋಶಗಳಿಲ್ಲದ್ದರಿಂದ ಮಸುಕು ಗೆಲಾಕ್ಸಿಯನ್ನು ನೇರ ದಿಟ್ಟಿಸದೆ ಕಡೆಗಣ್ಣಿನಿಂದ ನೋಡಬೇಕು. ಸರಳು ಕೋಶಗಳಿಗೆ ಆಮ್ಲಜನಕದ ಹಸಿವೂ ಜಾಸ್ತಿ. ಹಾನ್ಲೆಯ ಎತ್ತರದಲ್ಲಿ ಗಾಳಿಯ ಒತ್ತಡ ಕರಾವಳಿಯ ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೇ. ಆಕಾಶ ಅಷ್ಟು ನಿಚ್ಚಳವಾಗಿರುವಲ್ಲೇ ಕಣ್ಣಿನ ಶಕ್ತಿ ಕುಂದುತ್ತದೆ. ಮೊದಲು ಲೇಹ್‌ನಲ್ಲಿ ಕೆಲವು ದಿನ ತಂಗಿ ಮೈ ಒಗ್ಗಿಸಿಕೊಂಡೇ ಮುಂದೆ ಹೋಗಬೇಕು. ಇದು ನೋಟದ ಮಾತು ಮಾತ್ರವಲ್ಲ, ಜೀವದ ಮಾತು.

ಹಾನ್ಲೆಯ ಹಳ್ಳಿಗರಿಗೇ, ಬಹುಪಾಲು ಹೆಂಗಸರಿಗೆ, ತರಬೇತಿ ಕೊಟ್ಟು ದುರ್ಬೀನುಗಳನ್ನು ಒಪ್ಪಿಸಲಾಗಿದೆ. ಬಂದವರಿಗೆ ಅವರು ಆಕಾಶ ತೋರಿಸುತ್ತಾರೆ. ಊರವರು ಮನೆಯ ಕಿಟಕಿಗಳಿಗೆ ದಪ್ಪ ಪರದೆ ಕಟ್ಟಿ ಕತ್ತಲನ್ನು ಕಾಯುತ್ತಾರೆ. ಡಾಬ್ಸೋನಿಯನ್ ಮುಂದಿನ ಸಾಲಿನಲ್ಲಿ ನಿಮ್ಮ ಸರದಿ ಬಂದಾಗ ಒಂದು ನೋಟ ನೋಡಿ ಸರಿದುಬಿಡಬೇಡಿ. ಗೆಲಾಕ್ಸಿ ಅಂಚಿಗೆ ಜಾರುವವರೆಗೆ ಕಾಯಿರಿ, ಆಮೇಲೆ 'ನಾನೇ ಒಮ್ಮೆ ನೂಕಲೇ?' ಎಂದು ಕೇಳಿ.