ಮೌನಕ್ಕೊಂದು ಗಡುವು

ದೀರ್ಘವಾದ ಅರ್ಜಿಯೊಂದನ್ನು ಗಣಕಯಂತ್ರದ ಮುಂದೆ ಕುಳಿತು ತುಂಬುತ್ತೇವೆ. ಬರೆದುದನ್ನು ಮತ್ತೊಮ್ಮೆ ಓದಿ, ಒಂದೆರಡು ಮಾತು ತಿದ್ದಿ, ಸಲ್ಲಿಸುವ ಗುಂಡಿಯನ್ನು ಒತ್ತಿದೊಡನೆ "ನಿಮ್ಮ ಅವಧಿ ಮುಗಿದಿದೆ, ಮತ್ತೆ ಲಾಗಿನ್ ಆಗಿ" ಎಂಬ ವಾಕ್ಯ ಎದುರಾಗುತ್ತದೆ. ಅರ್ಧ ಗಂಟೆಯ ಶ್ರಮ ಮಾಯವಾಗಿರುತ್ತದೆ. ಕುರ್ಚಿಯಿಂದ ಕದಲದೆ ಕುಳಿತವರನ್ನು ಯಂತ್ರವು ಎದ್ದುಹೋದವರೆಂದು ಬಗೆದುದೇಕೆ?

ಜಾಲತಾಣಗಳ ವ್ಯವಹಾರಕ್ಕೆ ಆಧಾರವಾದ ಎಚ್‌ಟಿಟಿಪಿ ಎಂಬ ನಿಯಮಾವಳಿಗೆ ಸ್ವಭಾವತಃ ನೆನಪಿಲ್ಲ. ಪ್ರತಿಯೊಂದು ಕೋರಿಕೆಯೂ ಅದಕ್ಕೆ ಅಪರಿಚಿತನ ಕೋರಿಕೆಯೇ. ಈ ಕೊರತೆಯನ್ನು ನೀಗಲು 1994ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯ ಲೂ ಮಾಂಟುಲಿ ಎಂಬವರು 'ಕುಕಿ'ಯನ್ನು ರೂಪಿಸಿದರು. ಒಳಬಂದವರಿಗೆ ಸರ್ವರ್ ಒಂದು ಗುರುತಿನ ಚೀಟಿಯನ್ನು ಕೊಡುತ್ತದೆ. ಮುಂದಿನ ಕೋರಿಕೆಗಳೊಡನೆ ಬ್ರೌಸರ್ ಅದನ್ನು ತೋರಿಸುತ್ತ ಹೋಗುತ್ತದೆ. ಸಾಮಾನ್ಯವಾಗಿ ಗಡುವಿನ ಎಣಿಕೆ ನಡೆಯುವುದು ಕೊನೆಯ ಕೋರಿಕೆಯಿಂದ. ನಾವು ಒತ್ತುವ ಅಕ್ಷರಗಳು ಅನೇಕ ತಾಣಗಳಲ್ಲಿ ಸಲ್ಲಿಕೆಯಾಗುವ ತನಕ ಸರ್ವರನ್ನು ತಲಪುವುದೇ ಇಲ್ಲ. ಆದುದರಿಂದ ನಮ್ಮ ಬರವಣಿಗೆಯೂ ಅದರ ಪಾಲಿಗೆ ಮೌನವೇ.

ಹಾಗೆಂದು ಗಡುವು ಅನಾವಶ್ಯಕವೆನ್ನಲಾಗದು. ಗ್ರಂಥಾಲಯದ ಗಣಕವನ್ನು ಹಾಗೆಯೇ ಬಿಟ್ಟು ಎದ್ದವರ ಖಾತೆ ಮುಂದೆ ಬಂದು ಕೂರುವವರ ಕೈಗೆ ಸಿಕ್ಕೀತು. ಅಮೆರಿಕದ ಮಾನಕ ಸಂಸ್ಥೆಯಾದ ನಿಸ್ಟ್ 2017ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯು ಮಧ್ಯಮ ಭದ್ರತೆಗೆ 30 ನಿಮಿಷ, ಅತ್ಯುನ್ನತ ಭದ್ರತೆಗೆ 15 ನಿಮಿಷಗಳ ನಿಷ್ಕ್ರಿಯತೆಯನ್ನು ಮಿತಿಯಾಗಿ ವಿಧಿಸಿತು.

ಆದರೆ ಎಲ್ಲರ ವೇಗವೂ ಒಂದೇ ಅಲ್ಲ. ಪರದೆಯ ಮಾತುಗಳನ್ನು ಕಿವಿಯಿಂದ ಕೇಳಿ ತಿಳಿಯುವ ಅಂಧರಿದ್ದಾರೆ. ಕೈ ನಡುಗುವ ವೃದ್ಧರಿದ್ದಾರೆ. ಕೀಲಿಮಣೆಯಲ್ಲಿ ಒಂದೊಂದೇ ಅಕ್ಷರವನ್ನು ಹುಡುಕಿ ಒತ್ತುವವರಿದ್ದಾರೆ. ಇಂಥವರನ್ನು ನೆನೆದೇ ವಿಶ್ವವ್ಯಾಪಿ ಜಾಲದ ಒಕ್ಕೂಟವು 2008ರ ತನ್ನ ಸುಗಮತೆಯ ಸೂತ್ರಗಳಲ್ಲಿ, ಅವಧಿಯನ್ನು ರದ್ದುಮಾಡುವ ಇಲ್ಲವೇ ಹೊಂದಿಸಿಕೊಳ್ಳುವ ಅವಕಾಶವಿರಬೇಕೆಂದಿತು. ಅದಿಲ್ಲದಿದ್ದರೆ ಮುಗಿಯುವ ಮುನ್ನ ಎಚ್ಚರಿಸಿ, ವಿಸ್ತರಿಸಿಕೊಳ್ಳಲು ಕನಿಷ್ಠ 20 ಸೆಕೆಂಡುಗಳನ್ನಾದರೂ ಕೊಡಬೇಕೆಂದಿತು. ಅವಧಿ ತೀರಿ ಮತ್ತೆ ಒಳಬಂದವರಿಗೆ ಬರೆದುದೆಲ್ಲ ಹಾಗೆಯೇ ದೊರೆಯಬೇಕೆಂಬ ಸೂತ್ರವೂ ಅಲ್ಲಿದೆ. ಆದರೆ ಅದನ್ನು ಇರಿಸಿರುವುದು ಮೂರು ಶ್ರೇಣಿಗಳಲ್ಲಿ ಅತ್ಯಂತ ಕಠಿನವಾದುದರಲ್ಲಿ.

ವಿವೇಕವಿರುವುದು ಈ ಕೊನೆಯ ಸೂತ್ರದಲ್ಲಿಯೇ ಎಂದು ನನಗೆ ತೋರುತ್ತದೆ. ಭದ್ರತೆ ಬೇಡುವುದು ಬಾಗಿಲಿಗೆ ಬೀಗವನ್ನು. ಮೇಜಿನ ಮೇಲಿನ ಹಾಳೆಯನ್ನು ಹರಿದೆಸೆಯಬೇಕೆಂದು ಅದು ಕೇಳುವುದಿಲ್ಲ. ಸುಮ್ಮನೆ ಕುಳಿತಂತೆ ಕಾಣುವವರು ಯೋಚಿಸುತ್ತಲೂ ಇರಬಹುದು. ಯಂತ್ರಕ್ಕೆ ಇದು ತಿಳಿಯದು. ಅದನ್ನು ಕಟ್ಟುವವರಿಗಾದರೂ ತಿಳಿದಿರಬೇಕು.