ಮುಹಮ್ಮದ್ ಅಲಿ: 61 ಪಂದ್ಯಗಳ ಲೆಕ್ಕ

ಬಾಕ್ಸಿಂಗ್ ಬಗ್ಗೆ ಏನೂ ತಿಳಿಯದವರಿಗೂ ಮುಹಮ್ಮದ್ ಅಲಿ ಹೆಸರು ಗೊತ್ತು. ನಮ್ಮ ಮನೆಯಲ್ಲಿ ದಾದಾ ಅವರು ‘ಅಲಿ ಸೋತದ್ದೇ ಇಲ್ಲ’ ಎನ್ನುತ್ತಿರುತ್ತಾರೆ. ದಾಖಲೆ ಹಾಗೆ ಹೇಳುವುದಿಲ್ಲ. 61 ಪಂದ್ಯ, 56 ಗೆಲುವು, 5 ಸೋಲು, 37 ನಾಕೌಟ್: ಅವರ 21 ವರ್ಷಗಳ ವೃತ್ತಿಜೀವನ ಈ ಒಂದು ಸಾಲಿನಲ್ಲಿದೆ. ಈ ಸಾಲನ್ನು ಓದುವುದು ಹೇಗೆ ಎಂಬುದನ್ನು ಕಾಮರ್ಸ್ ವಿದ್ಯಾರ್ಥಿಯಾಗಿ ನನಗೆ ಅರ್ಥವಾದಂತೆ ಇಲ್ಲಿ ವಿವರಿಸುತ್ತೇನೆ.

ಲೆಕ್ಕಕ್ಕೆ ಯಾವುದು ಸೇರುತ್ತದೆ?

ವೃತ್ತಿಪರ ಪಂದ್ಯಗಳು ಮಾತ್ರ ಸೇರುತ್ತವೆ. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಅವರು ಗೆದ್ದ ಚಿನ್ನ ಇದರಲ್ಲಿಲ್ಲ. 1980ರಲ್ಲಿ ಮದ್ರಾಸಿಗೆ ಬಂದು ಆಡಿದ ಪ್ರದರ್ಶನ ಪಂದ್ಯವೂ ಇಲ್ಲ. ಮೊದಲ ನಮೂದು 1960ರ ಅಕ್ಟೋಬರ್ 29ರದ್ದು. ಹುಟ್ಟೂರು ಲೂಯಿವಿಲ್‌ನಲ್ಲಿ ಟನಿ ಹನ್ಸೇಕರ್ ವಿರುದ್ಧ ಗೆದ್ದರು. ಆಗ ಅವರ ಹೆಸರು ಕ್ಯಾಷಿಯಸ್ ಕ್ಲೇ. ಮುಹಮ್ಮದ್ ಅಲಿ ಆದದ್ದು 1964ರಲ್ಲಿ, ಸನ್ನಿ ಲಿಸ್ಟನ್‌ರನ್ನು ಸೋಲಿಸಿ ವಿಶ್ವ ಹೆವಿವೇಟ್ ಚಾಂಪಿಯನ್ ಆದ ಬಳಿಕ.

ನಾಕೌಟ್ ಎಂದರೆ ಕೆಳಗೆ ಬಿದ್ದವನು ಹತ್ತು ಎಣಿಸುವುದರೊಳಗೆ ಏಳದಿರುವುದು. ರೆಫರಿ ಪಂದ್ಯ ನಿಲ್ಲಿಸಿದರೆ ಅಥವಾ ಎದುರಾಳಿ ಮುಂದಿನ ಸುತ್ತಿಗೆ ಬರದಿದ್ದರೆ ಅದು ತಾಂತ್ರಿಕ ನಾಕೌಟ್. 37ರಲ್ಲಿ ಎರಡೂ ಸೇರಿವೆ. ಉಳಿದ 19 ಗೆಲುವುಗಳು ತೀರ್ಪುಗಾರರ ಅಂಕಗಳಿಂದ ಬಂದವು.

ಒಂದು ದಾಖಲೆ, ಎರಡು ಭಾಗ

1967ರ ಮಾರ್ಚ್‌ವರೆಗೆ ಅಲಿ 29 ಪಂದ್ಯ ಆಡಿ 29ನ್ನೂ ಗೆದ್ದಿದ್ದರು. ಅದರಲ್ಲಿ 23 ನಾಕೌಟ್, ಅಂದರೆ ಶೇ. 79. ಮುಂದಿನ ನಮೂದು 1970ರ ಅಕ್ಟೋಬರ್‌ನದು. ಅಲ್ಲಿಂದ ಕೊನೆಯವರೆಗೆ 32 ಪಂದ್ಯ, 27 ಗೆಲುವು, ನಾಕೌಟ್ 14 ಮಾತ್ರ. ಐದು ಸೋಲುಗಳೂ ಈ ಭಾಗದಲ್ಲೇ ಇವೆ.

ನಡುವಿನ 3 ವರ್ಷ 7 ತಿಂಗಳು ಏನಾಯಿತು? 1967ರ ಏಪ್ರಿಲ್ 28ರಂದು ಹ್ಯೂಸ್ಟನ್‌ನಲ್ಲಿ ಅಲಿ ಸೇನೆಗೆ ಸೇರಲು ನಿರಾಕರಿಸಿದರು. ಆಗ ಅಮೆರಿಕ ವಿಯೆಟ್ನಾಂನಲ್ಲಿ ಯುದ್ಧ ಮಾಡುತ್ತಿತ್ತು. ಅದರಲ್ಲಿ ಹೋರಾಡಲು ತಮ್ಮ ಧರ್ಮ ಒಪ್ಪುವುದಿಲ್ಲ ಎಂದರು. ಚಾಂಪಿಯನ್ ಪಟ್ಟ ಹೋಯಿತು, ಲೈಸೆನ್ಸ್ ಹೋಯಿತು. ನ್ಯಾಯಾಲಯ 5 ವರ್ಷ ಜೈಲು, 10,000 ಡಾಲರ್ ದಂಡ ವಿಧಿಸಿತು. ಮೇಲ್ಮನವಿ ಹಾಕಿದ್ದರಿಂದ ಜೈಲಿಗೆ ಹೋಗಲಿಲ್ಲ. 1971ರ ಜೂನ್ 28ರಂದು ಅಮೆರಿಕದ ಸುಪ್ರೀಂ ಕೋರ್ಟ್ 8-0 ಮತಗಳಿಂದ ಆ ಶಿಕ್ಷೆಯನ್ನು ರದ್ದುಮಾಡಿತು. ಆದರೆ 25ರಿಂದ 28ರವರೆಗಿನ ವಯಸ್ಸನ್ನು ಯಾವ ಕೋರ್ಟ್ ತಾನೇ ಹಿಂದಿರುಗಿಸಲು ಸಾಧ್ಯ?

ಐದು ಸೋಲುಗಳು

1971ರಲ್ಲಿ ಜೋ ಫ್ರೇಜಿಯರ್, 1973ರಲ್ಲಿ ಕೆನ್ ನಾರ್ಟನ್, 1978ರಲ್ಲಿ ಲಿಯಾನ್ ಸ್ಪಿಂಕ್ಸ್. ಈ ಮೂವರಿಗೂ ಅಲಿ ಸೋಲನ್ನು ಹಿಂದಿರುಗಿಸಿದರು. ಫ್ರೇಜಿಯರ್ ಮತ್ತು ನಾರ್ಟನ್‌ರನ್ನು ಎರಡೆರಡು ಸಲ ಸೋಲಿಸಿದರು. ಈ ನಡುವೆ 1974ರಲ್ಲಿ ಕಿನ್ಶಾಸಾದಲ್ಲಿ, 40 ಪಂದ್ಯ ಆಡಿ ಒಮ್ಮೆಯೂ ಸೋಲದಿದ್ದ ಜಾರ್ಜ್ ಫೋರ್‌ಮನ್‌ರನ್ನು ಎಂಟನೇ ಸುತ್ತಿನಲ್ಲಿ ಕೆಡವಿ ಎರಡನೇ ಸಲ ಚಾಂಪಿಯನ್ ಆದರು. ಸ್ಪಿಂಕ್ಸ್‌ರನ್ನು ಸೋಲಿಸಿ ಮೂರನೇ ಸಲ.

ಉಳಿದ ಎರಡು ಸೋಲುಗಳು ಬೇರೆ ರೀತಿಯವು. 1976ರ ಮೇ ನಂತರ ಅಲಿ ಆಡಿದ 7 ಪಂದ್ಯಗಳಲ್ಲಿ ಒಂದೂ ನಾಕೌಟ್ ಗೆಲುವಿಲ್ಲ. ಮೈ ಸೋತಿತ್ತು ಎಂದು ಅಂಕಿಗಳೇ ಹೇಳುತ್ತಿದ್ದವು. ಆದರೂ 1980ರಲ್ಲಿ, 38ನೇ ವಯಸ್ಸಿನಲ್ಲಿ, ಲ್ಯಾರಿ ಹೋಮ್ಸ್ ಎದುರು ಇಳಿದರು. ಹತ್ತು ಸುತ್ತು ಏಟು ತಿಂದ ಮೇಲೆ ಅವರ ಕಡೆಯವರೇ ಪಂದ್ಯ ನಿಲ್ಲಿಸಿದರು. ಅಂಕಗಳಿಗೆ ಕಾಯದೆ ಮುಗಿದ ಅವರ ಸೋಲು ಇದೊಂದೇ. 1981ರ ಡಿಸೆಂಬರ್‌ನಲ್ಲಿ ಟ್ರೆವರ್ ಬರ್ಬಿಕ್‌ಗೆ ಸೋತು ನಿವೃತ್ತರಾದರು. 1984ರಲ್ಲಿ ಪಾರ್ಕಿನ್ಸನ್ ಕಾಯಿಲೆ ಇರುವುದು ಗೊತ್ತಾಯಿತು. 2016ರ ಜೂನ್ 3ರಂದು ತೀರಿಕೊಂಡರು.

ಲೆಕ್ಕದಲ್ಲಿ ಇಲ್ಲದ್ದು

ಹಣದಲ್ಲಿ ಅಳೆಯಲಾಗದ ಸಂಗತಿಯನ್ನು ಲೆಕ್ಕದ ಪುಸ್ತಕದಲ್ಲಿ ಬರೆಯುವುದಿಲ್ಲ ಎಂದು ಅಕೌಂಟೆನ್ಸಿ ತರಗತಿಯಲ್ಲಿ ನಾವೆಲ್ಲ ಕಲಿತಿದ್ದೇವೆ. ಬಾಕ್ಸಿಂಗ್ ದಾಖಲೆಯೂ ಹಾಗೆಯೇ. ರಿಂಗಿನ ಹೊರಗೆ ನಡೆದದ್ದಕ್ಕೆ ಅಲ್ಲಿ ಜಾಗವಿಲ್ಲ. ಅಲಿ ‘ಇಲ್ಲ’ ಎಂದದ್ದು ಗೆಲುವಿನ ಕಾಲಂನಲ್ಲಿಲ್ಲ, ಅದಕ್ಕೆ ಕೊಟ್ಟ ಬೆಲೆ ಸೋಲಿನ ಕಾಲಂನಲ್ಲಿಲ್ಲ.

ಬರೀ ಅಂಕಿ ನೋಡಿದರೆ 49 ಪಂದ್ಯ ಆಡಿ ಒಂದನ್ನೂ ಸೋಲದ ರಾಕಿ ಮಾರ್ಸಿಯಾನೋ ಅಲಿಗಿಂತ ಮುಂದಿದ್ದಾರೆ. ಆದ್ದರಿಂದ ಗೆಳೆಯರೇ, ಯಾರದೇ ದಾಖಲೆ ಕೈಗೆ ಬಂದಾಗ ಮೊತ್ತವನ್ನಷ್ಟೇ ನೋಡಬೇಡಿ. ಯಾರ ಎದುರು, ಯಾವ ವಯಸ್ಸಿನಲ್ಲಿ ಎಂದು ಕೇಳಿ. ತಾರೀಖುಗಳ ನಡುವೆ ಖಾಲಿ ಜಾಗ ಕಂಡರೆ ಅಲ್ಲಿ ನಿಂತು ಕಾರಣ ಹುಡುಕಿ. ಅಲಿಯ ವಿಷಯದಲ್ಲಿ ಅವರು ಎಂಥವರು ಎಂಬುದು ಹೆಚ್ಚು ತಿಳಿಯುವುದು ಆ ಖಾಲಿ ಜಾಗದಲ್ಲಿಯೇ.