ಬ್ವಿಂಡಿಯ ಪರ್ವತ ಗೊರಿಲ್ಲಾ ವೀಕ್ಷಣೆ

ಬ್ವಿಂಡಿಯ ಪರ್ವತ ಗೊರಿಲ್ಲಾ ವೀಕ್ಷಣೆಯು ಪೂರ್ವ ಆಫ್ರಿಕಾದ ಉಗಾಂಡಾ ದೇಶದ ಬ್ವಿಂಡಿ ಅಭೇದ್ಯ ಅರಣ್ಯ ರಾಷ್ಟ್ರೀಯ ಉದ್ಯಾನದಲ್ಲಿ ನಡೆಯುವ ನಿಯಂತ್ರಿತ ಪ್ರವಾಸ ಚಟುವಟಿಕೆಯಾಗಿದೆ. ಇದರಲ್ಲಿ ಸಂದರ್ಶಕರು ಅರಣ್ಯ ಸಿಬ್ಬಂದಿಯೊಡನೆ ಕಾಲ್ನಡಿಗೆಯಲ್ಲಿ ಸಾಗಿ, ಗೊರಿಲ್ಲಾಗಳ ಜಾಡು ಹಿಡಿದು, ಅವುಗಳನ್ನು ಅವುಗಳ ಸಹಜ ನೆಲೆಯಲ್ಲಿಯೇ ನೋಡುತ್ತಾರೆ. 1993ರಲ್ಲಿ ಇದು ಆರಂಭವಾಯಿತು. ಇದರಿಂದ ಬರುವ ಹಣವು ಗೊರಿಲ್ಲಾ ಸಂರಕ್ಷಣೆಯ ಮುಖ್ಯ ಆಧಾರಗಳಲ್ಲಿ ಒಂದು. ಆದರೆ ಮನುಷ್ಯನ ಸಾಮೀಪ್ಯವು ಈ ಪ್ರಾಣಿಗಳಿಗೆ ರೋಗ ತಗಲುವ ದಾರಿಯೂ ಆಗಿರುವುದರಿಂದ, ವೀಕ್ಷಣೆಯ ಪ್ರತಿಯೊಂದು ಹಂತಕ್ಕೂ ಕಟ್ಟುನಿಟ್ಟಿನ ನಿಯಮಗಳಿವೆ.

ಅರಣ್ಯ ಮತ್ತು ಗೊರಿಲ್ಲಾಗಳು

ಬ್ವಿಂಡಿ ಅರಣ್ಯವು ಉಗಾಂಡಾದ ನೈರುತ್ಯ ಮೂಲೆಯಲ್ಲಿ, ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯದ ಗಡಿಗೆ ತಾಗಿಕೊಂಡಿದೆ. ಇದರ ವಿಸ್ತೀರ್ಣ 320 ಚದರ ಕಿಲೋಮೀಟರಿಗೂ ಹೆಚ್ಚು. ಸಮುದ್ರಮಟ್ಟದಿಂದ ಸುಮಾರು 1,160 ಮೀಟರಿನಿಂದ 2,607 ಮೀಟರಿನವರೆಗೆ ಏರುವ ಕಡಿದಾದ ಬೆಟ್ಟಗಳು, ಆಳವಾದ ಕಣಿವೆಗಳು, ಜರೀಗಿಡ ಮತ್ತು ಬಳ್ಳಿಗಳಿಂದ ಹೆಣೆದುಕೊಂಡ ಪೊದೆಗಳು ಇಲ್ಲಿ ನಡಿಗೆಯನ್ನು ಕಷ್ಟಕರವಾಗಿಸುತ್ತವೆ. ‘ಅಭೇದ್ಯ’ ಎಂಬ ವಿಶೇಷಣಕ್ಕೆ ಇದೇ ಕಾರಣ. 1991ರಲ್ಲಿ ಇದನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸಲಾಯಿತು. 1994ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ತಾಣಗಳ ಪಟ್ಟಿಗೆ ಸೇರಿಸಿತು.

ಪರ್ವತ ಗೊರಿಲ್ಲಾವು ಪೂರ್ವ ಗೊರಿಲ್ಲಾ ಪ್ರಭೇದದ ಒಂದು ಉಪಪ್ರಭೇದ. ಜಗತ್ತಿನಲ್ಲಿ ಇವು ಎರಡೇ ಕಡೆ ಉಳಿದಿವೆ: ಒಂದು ಬ್ವಿಂಡಿ ಮತ್ತು ಅದಕ್ಕೆ ಹೊಂದಿಕೊಂಡ ಕಾಂಗೋದ ಸರಾಂಬ್ವೆ ಮೀಸಲು ಪ್ರದೇಶ, ಇನ್ನೊಂದು ಉಗಾಂಡಾ, ರುವಾಂಡಾ ಮತ್ತು ಕಾಂಗೋ ದೇಶಗಳು ಕೂಡುವಲ್ಲಿರುವ ವಿರುಂಗಾ ಜ್ವಾಲಾಮುಖಿ ಶ್ರೇಣಿ. ಜರ್ಮನ್ ಅಧಿಕಾರಿ ರಾಬರ್ಟ್ ಫಾನ್ ಬೆರಿಂಗೆ 1902ರಲ್ಲಿ ವಿರುಂಗಾದ ಸಬಿನ್ಯೊ ಪರ್ವತದಲ್ಲಿ ಇವುಗಳನ್ನು ಬೇಟೆಯಾಡಿದ ನಂತರವೇ ಪಾಶ್ಚಾತ್ಯ ವಿಜ್ಞಾನಕ್ಕೆ ಇವುಗಳ ಪರಿಚಯವಾಯಿತು.

ಗೊರಿಲ್ಲಾಗಳು ಗುಂಪಾಗಿ ಬಾಳುತ್ತವೆ. ಪ್ರೌಢ ಗಂಡಿನ ಬೆನ್ನಿನ ರೋಮ ಬೆಳ್ಳಿಯ ಬಣ್ಣಕ್ಕೆ ತಿರುಗುವುದರಿಂದ ಅದನ್ನು ಸಿಲ್ವರ್‌ಬ್ಯಾಕ್ ಎಂದು ಕರೆಯುತ್ತಾರೆ. ಗುಂಪು ಎತ್ತ ಸಾಗಬೇಕು, ಎಲ್ಲಿ ತಂಗಬೇಕು ಎಂಬುದನ್ನು ಹೆಚ್ಚಾಗಿ ಈ ಗಂಡೇ ನಿರ್ಧರಿಸುತ್ತದೆ. ಅಪಾಯ ಎದುರಾದಾಗ ಮುಂದೆ ನಿಲ್ಲುವುದೂ ಇದೇ. ಹೆಣ್ಣು ಸಾಮಾನ್ಯವಾಗಿ ನಾಲ್ಕು ವರ್ಷಗಳಿಗೊಮ್ಮೆ ಒಂದು ಮರಿ ಹಾಕುವುದರಿಂದ ಒಂದು ಸಾವಿನ ನಷ್ಟವೂ ಬೇಗ ತುಂಬುವುದಿಲ್ಲ. ಇವುಗಳ ಮುಖ್ಯ ಆಹಾರ ಎಲೆ, ಕಾಂಡ, ತೊಗಟೆ. ಬ್ವಿಂಡಿಯ ಗೊರಿಲ್ಲಾಗಳು ವಿರುಂಗಾದವುಗಳಿಗಿಂತ ಹೆಚ್ಚು ಹಣ್ಣು ತಿನ್ನುತ್ತವೆ ಮತ್ತು ಹೆಚ್ಚಾಗಿ ಮರ ಹತ್ತುತ್ತವೆ.

ರೂಢಿಗೊಳಿಸುವಿಕೆ

ಮನುಷ್ಯರ ಸಂಪರ್ಕವಿಲ್ಲದ ಗೊರಿಲ್ಲಾಗಳು ಜನರನ್ನು ಕಂಡೊಡನೆ ಓಡಿಹೋಗುತ್ತವೆ, ಇಲ್ಲವೇ ಸಿಲ್ವರ್‌ಬ್ಯಾಕ್ ಅಬ್ಬರಿಸುತ್ತ ಮೈಮೇಲೆ ನುಗ್ಗಿಬರುತ್ತದೆ. ಆದ್ದರಿಂದ ಸಂದರ್ಶಕರನ್ನು ಕರೆದೊಯ್ಯುವ ಮೊದಲು ಆಯ್ದ ಗುಂಪುಗಳನ್ನು ಮನುಷ್ಯರ ಇರವಿಗೆ ಒಗ್ಗಿಸಲಾಗುತ್ತದೆ. ಸಿಬ್ಬಂದಿಯ ಚಿಕ್ಕ ತಂಡವೊಂದು ಪ್ರತಿದಿನ ಅದೇ ಗುಂಪನ್ನು ಹುಡುಕಿ, ದೂರದಲ್ಲಿ ಸುಮ್ಮನೆ ಕುಳಿತು ಹಿಂದಿರುಗುತ್ತದೆ. ಗಂಡು ನುಗ್ಗಿಬಂದಾಗ ಓಡದೆ, ತಲೆ ತಗ್ಗಿಸಿ ಕುಕ್ಕರಿಸುತ್ತದೆ. ಈ ಕೆಲಸಕ್ಕೆ ಸಾಮಾನ್ಯವಾಗಿ ಎರಡು ವರ್ಷ ಅಥವಾ ಅದಕ್ಕಿಂತ ಹೆಚ್ಚು ಕಾಲ ಹಿಡಿಯುತ್ತದೆ. ಹೀಗೆ ಒಗ್ಗಿದ ಮುಬಾರೆ ಗುಂಪನ್ನು ನೋಡಲು 1993ರಲ್ಲಿ ಬುಹೋಮಾ ವಲಯದಿಂದ ಸಂದರ್ಶಕರಿಗೆ ಮೊದಲ ಬಾರಿ ಅವಕಾಶ ನೀಡಲಾಯಿತು. ಅನಂತರ ರುಹಿಜಾ, ರುಶಾಗಾ ಮತ್ತು ನ್ಕುರಿಂಗೊ ವಲಯಗಳಲ್ಲಿಯೂ ವೀಕ್ಷಣೆ ಆರಂಭವಾಯಿತು. ಒಗ್ಗಿಸುವ ಹಂತದಲ್ಲಿರುವ ಗುಂಪಿನೊಡನೆ ನಾಲ್ಕು ಗಂಟೆಗಳವರೆಗೆ ಇರಲು ಕೆಲವೇ ಸಂದರ್ಶಕರಿಗೆ ಅವಕಾಶ ಕೊಡುವ ಪ್ರತ್ಯೇಕ ಏರ್ಪಾಡೂ ಇದೆ.

ಒಗ್ಗಿದ ಗೊರಿಲ್ಲಾವನ್ನು ಸಾಕುಪ್ರಾಣಿ ಎನ್ನಲಾಗದು. ಅದು ಕಾಡಿನ ಆಹಾರವನ್ನೇ ತಿನ್ನುತ್ತದೆ ಮತ್ತು ತನ್ನ ಇಚ್ಛೆಯಂತೆ ಅಲೆಯುತ್ತದೆ. ಬದಲಾಗುವುದು ಮನುಷ್ಯನ ಬಗೆಗಿನ ಅದರ ಭಯ ಮಾತ್ರ. ಆದರೆ ಆ ಭಯವು ಅದಕ್ಕೆ ರಕ್ಷಣೆಯೂ ಆಗಿತ್ತು. ಅದನ್ನು ಕಳೆದುಕೊಂಡ ಗುಂಪುಗಳು ಕಾಡಿನ ಅಂಚಿನ ಬಾಳೆತೋಟಗಳಿಗೆ ಇಳಿಯುವುದುಂಟು. ಕಳ್ಳಬೇಟೆಗಾರರಿಂದಲೂ ಅವು ದೂರ ಸರಿಯುವುದಿಲ್ಲ. ಆದ್ದರಿಂದ ಒಮ್ಮೆ ಒಗ್ಗಿಸಿದ ಗುಂಪನ್ನು ಪ್ರತಿದಿನವೂ ಕಾಯುವ ಹೊಣೆ ಸಂರಕ್ಷಕರ ಮೇಲೆ ಬೀಳುತ್ತದೆ.

ಜಾಡು ಹಿಡಿಯುವ ಕ್ರಮ

ಪ್ರತಿಯೊಂದು ಗೊರಿಲ್ಲಾವೂ ಸಂಜೆ ಎಲೆ ಮತ್ತು ರೆಂಬೆಗಳನ್ನು ಬಾಗಿಸಿ ತನಗಾಗಿ ಹೊಸ ಗೂಡು ಮಾಡಿಕೊಳ್ಳುತ್ತದೆ. ಎಳೆಯ ಮರಿಗಳು ಮಾತ್ರ ತಾಯಿಯ ಗೂಡಿನಲ್ಲಿ ಮಲಗುತ್ತವೆ. ಜಾಡುಗಾರರ ಕೆಲಸಕ್ಕೆ ಈ ಸ್ವಭಾವವೇ ಆಧಾರ. ಅವರು ಬೆಳಗಾಗುತ್ತಲೇ ಹಿಂದಿನ ದಿನ ಗುಂಪನ್ನು ಬಿಟ್ಟುಬಂದ ಸ್ಥಳಕ್ಕೆ ಹೋಗಿ, ಅಲ್ಲಿಂದ ರಾತ್ರಿಯ ಗೂಡುಗಳನ್ನು ಪತ್ತೆಹಚ್ಚುತ್ತಾರೆ. ಗೂಡುಗಳ ಸಂಖ್ಯೆ ಮತ್ತು ಲದ್ದಿಯ ಗಾತ್ರದಿಂದ ಗುಂಪಿನ ಸದಸ್ಯರೆಲ್ಲರೂ ಅಲ್ಲಿದ್ದರೇ ಎಂಬುದನ್ನು ಊಹಿಸಬಹುದು. ಮುಂದೆ ತುಳಿದ ಪೊದೆ, ಸಿಗಿದು ಬಿಸುಟ ಕಾಂಡ, ಒದ್ದೆ ಮಣ್ಣಿನಲ್ಲಿ ಮೂಡಿದ ಬೆರಳಗೆಣ್ಣಿನ ಗುರುತು, ಲದ್ದಿಯ ಹಸಿತನ ಇವುಗಳನ್ನು ಓದುತ್ತ ಸಾಗುತ್ತಾರೆ. ಗುಂಪು ಸಾಮಾನ್ಯವಾಗಿ ದಿನಕ್ಕೆ ಒಂದು ಕಿಲೋಮೀಟರಿನ ಆಸುಪಾಸು ಮಾತ್ರ ಸಂಚರಿಸುವುದರಿಂದ ಈ ವಿಧಾನ ಹೆಚ್ಚಾಗಿ ಫಲ ಕೊಡುತ್ತದೆ.

ಗುಂಪು ಕಂಡೊಡನೆ ಜಾಡುಗಾರರು ಹಿಂದೆ ಬರುತ್ತಿರುವ ಮಾರ್ಗದರ್ಶಿಗೆ ರೇಡಿಯೊ ಮೂಲಕ ತಿಳಿಸುತ್ತಾರೆ. ಸಂದರ್ಶಕರ ನಡಿಗೆ ಒಂದು ಗಂಟೆಯಲ್ಲಿ ಮುಗಿಯಬಹುದು, ಇಲ್ಲವೇ ಇಡೀ ದಿನ ಹಿಡಿಯಬಹುದು. ಸುತ್ತಲಿನ ಹಳ್ಳಿಗಳ ಯುವಕ ಯುವತಿಯರು ಕೂಲಿಗೆ ಹೊರೆಯಾಳುಗಳಾಗಿ ಬಂದು, ಚೀಲ ಹೊರುವುದರ ಜೊತೆಗೆ ಜಾರುವ ಏರುಗಳಲ್ಲಿ ಕೈಹಿಡಿದು ನಡೆಸುತ್ತಾರೆ.

ಭೇಟಿಯ ನಿಯಮಗಳು

ಪರವಾನಗಿಯನ್ನು ಉಗಾಂಡಾ ವನ್ಯಜೀವಿ ಪ್ರಾಧಿಕಾರವು ನೀಡುತ್ತದೆ. ಒಂದು ಗುಂಪಿಗೆ ದಿನಕ್ಕೆ ಒಮ್ಮೆ ಮಾತ್ರ, ಹೆಚ್ಚೆಂದರೆ ಎಂಟು ಸಂದರ್ಶಕರಿಗೆ ಅವಕಾಶ. ಗೊರಿಲ್ಲಾಗಳ ಬಳಿ ಇರುವ ಅವಧಿ ಒಂದು ಗಂಟೆ. 15 ವರ್ಷಕ್ಕಿಂತ ಕಿರಿಯರಿಗೆ ಮತ್ತು ನೆಗಡಿ, ಕೆಮ್ಮು, ಜ್ವರ ಇರುವವರಿಗೆ ಪ್ರವೇಶವಿಲ್ಲ. ಕನಿಷ್ಠ ಅಂತರ ಮೊದಲು 7 ಮೀಟರ್ ಇತ್ತು. ಕೋವಿಡ್ ಸಾಂಕ್ರಾಮಿಕದ ನಂತರ ಅದನ್ನು 10 ಮೀಟರಿಗೆ ಏರಿಸಿ, ಮುಖಗವಸನ್ನು ಕಡ್ಡಾಯಗೊಳಿಸಲಾಯಿತು. ಗೊರಿಲ್ಲಾಗಳ ಸಮೀಪದಲ್ಲಿ ತಿನ್ನುವುದು, ಉಗುಳುವುದು, ಫ್ಲಾಶ್ ಬಳಸಿ ಛಾಯಾಚಿತ್ರ ತೆಗೆಯುವುದು ನಿಷಿದ್ಧ. ಮಾರ್ಗದರ್ಶಿಗಳು ಗೊರಿಲ್ಲಾಗಳು ಸಮಾಧಾನದಿಂದಿರುವಾಗ ಹೊರಡಿಸುವ, ಗಂಟಲು ಸರಿಪಡಿಸಿಕೊಂಡಂತಹ ತಗ್ಗುದನಿಯನ್ನು ಅನುಕರಿಸಿ ತಮ್ಮ ಬರವನ್ನು ತಿಳಿಸುತ್ತಾರೆ.

ರೋಗಭೀತಿ

ಗೊರಿಲ್ಲಾ ಮತ್ತು ಮನುಷ್ಯರ ವಂಶವಾಹಿಗಳಲ್ಲಿ ಸುಮಾರು ಶೇಕಡಾ 98ರಷ್ಟು ಸಾಮ್ಯವಿದೆ. ಮನುಷ್ಯನಿಗೆ ಸಾಮಾನ್ಯವೆನಿಸುವ ಸೋಂಕು ಗೊರಿಲ್ಲಾಗಳಿಗೆ ಪ್ರಾಣಾಂತಿಕವಾಗಬಲ್ಲದು. 1996ರಲ್ಲಿ ಬ್ವಿಂಡಿಯ ಒಂದು ಗುಂಪಿನಲ್ಲಿ ಕಜ್ಜಿ ಕಾಣಿಸಿಕೊಂಡು ಮರಿಯೊಂದು ಸತ್ತಿತು. ಉಳಿದವಕ್ಕೆ ಚಿಕಿತ್ಸೆ ನೀಡಿದ ಪಶುವೈದ್ಯೆ ಗ್ಲಾಡಿಸ್ ಕಲೆಮಾ-ಜಿಕುಸೋಕಾ, ಆರೋಗ್ಯ ಸೌಲಭ್ಯ ಕಡಿಮೆಯಿದ್ದ ಸುತ್ತಲಿನ ಹಳ್ಳಿಗಳಿಂದ ರೋಗ ಹರಡಿರಬೇಕೆಂದು ಗುರುತಿಸಿದರು. ಹಳ್ಳಿಗರ ಆರೋಗ್ಯ ಕೆಟ್ಟರೆ ಗೊರಿಲ್ಲಾಗಳ ಆರೋಗ್ಯವೂ ಉಳಿಯದೆಂಬ ಅರಿವಿನಿಂದ, ಎರಡನ್ನೂ ಒಟ್ಟಿಗೆ ನೋಡಿಕೊಳ್ಳುವ ‘ಕನ್ಸರ್ವೇಶನ್ ಥ್ರೂ ಪಬ್ಲಿಕ್ ಹೆಲ್ತ್’ ಸಂಸ್ಥೆಯನ್ನು ಅವರು 2003ರಲ್ಲಿ ಸ್ಥಾಪಿಸಿದರು. 2009ರಲ್ಲಿ ರುವಾಂಡಾದ ಒಂದು ಗುಂಪಿನಲ್ಲಿ ಉಸಿರಾಟದ ಕಾಯಿಲೆ ಹರಡಿದಾಗ, ಸತ್ತ ಎರಡು ಗೊರಿಲ್ಲಾಗಳಲ್ಲಿ ಮನುಷ್ಯರಿಂದ ಬಂದ ವೈರಾಣು ಪತ್ತೆಯಾಯಿತು.

ಆದಾಯ ಮತ್ತು ಸ್ಥಳೀಯ ಜನರು

ಪರವಾನಗಿಯ ದರ ದುಬಾರಿಯಾಗಿದ್ದು, ವಿದೇಶಿ ಸಂದರ್ಶಕರಿಗೆ 2024ರ ಜುಲೈಯಲ್ಲಿ 700 ಡಾಲರ್‌ನಿಂದ 800 ಡಾಲರ್‌ಗೆ ಏರಿತು. ಉದ್ಯಾನದ ಪ್ರವೇಶ ಶುಲ್ಕದ ಶೇಕಡಾ 20ರಷ್ಟನ್ನು ನೆರೆಯ ಸಮುದಾಯಗಳಿಗೆ ನೀಡಬೇಕೆಂಬ ನಿಯಮವಿದೆ. ಪ್ರತಿ ಪರವಾನಗಿಯಿಂದ ಸಣ್ಣ ಮೊತ್ತವೊಂದು ಇದಕ್ಕೆ ಸೇರುತ್ತದೆ. ಶಾಲೆ, ರಸ್ತೆ, ಆರೋಗ್ಯ ಕೇಂದ್ರಗಳಿಗೆ ಈ ಹಣ ಬಳಕೆಯಾಗಿದೆ. ಆದರೆ ಪಾಲು ಲೆಕ್ಕವಾಗುವುದು ಪರವಾನಗಿಯ ಪೂರ್ಣ ದರದ ಮೇಲಲ್ಲ ಎಂಬ ಆಕ್ಷೇಪವೂ ಇದೆ.

ತಲೆತಲಾಂತರದಿಂದ ಈ ಕಾಡಿನಲ್ಲಿ ಬೇಟೆ, ಜೇನು, ಗೆಡ್ಡೆಗೆಣಸುಗಳಿಂದ ಬದುಕಿದ್ದ ಬಾಟ್ವಾ ಜನರನ್ನು 1991ರಲ್ಲಿ ಉದ್ಯಾನ ಘೋಷಣೆಯಾದಾಗ ಹೊರಹಾಕಲಾಯಿತು. ಪರಿಹಾರ ಸಿಗದೆ, ಅವರಲ್ಲಿ ಬಹುಮಂದಿ ಭೂಮಿಯಿಲ್ಲದ ಕೂಲಿಗಳಾದರು. 2021ರಲ್ಲಿ ಉಗಾಂಡಾದ ಸಂವಿಧಾನ ನ್ಯಾಯಾಲಯವು, ಅವರನ್ನು ಸೂಕ್ತ ಪರಿಹಾರವಿಲ್ಲದೆ ತೆರವುಗೊಳಿಸಿ ಅಂಚಿಗೆ ತಳ್ಳಲಾಗಿದೆ ಎಂಬ ಅವರ ವಾದವನ್ನು ಒಪ್ಪಿತು. ಗೊರಿಲ್ಲಾ ಸಂರಕ್ಷಣೆಯ ಯಶಸ್ಸನ್ನು ಅಳೆಯುವಾಗ ಈ ಜನರು ತೆತ್ತ ಬೆಲೆಯೂ ಚರ್ಚೆಗೆ ಬರುತ್ತದೆ.

ಅಡಚಣೆಗಳು

1999ರ ಮಾರ್ಚ್‌ನಲ್ಲಿ ರುವಾಂಡಾದ ಹುಟು ಬಂಡುಕೋರರು ಬುಹೋಮಾದ ಮೇಲೆ ದಾಳಿ ನಡೆಸಿ, ಎಂಟು ವಿದೇಶಿ ಪ್ರವಾಸಿಗರನ್ನೂ ಉದ್ಯಾನದ ಒಬ್ಬ ಅಧಿಕಾರಿಯನ್ನೂ ಕೊಂದರು. ಆ ಬಳಿಕ ಸಶಸ್ತ್ರ ಕಾವಲನ್ನು ಬಲಪಡಿಸಲಾಯಿತು. 2020ರಲ್ಲಿ ಕೋವಿಡ್ ಕಾರಣದಿಂದ ವೀಕ್ಷಣೆ ಸ್ಥಗಿತಗೊಂಡಾಗ ಹಳ್ಳಿಗಳಿಗೆ ಪ್ರವಾಸೋದ್ಯಮದಿಂದ ಬರುತ್ತಿದ್ದ ಆದಾಯ ನಿಂತಿತು. ಅದೇ ಜೂನ್‌ನಲ್ಲಿ ನ್ಕುರಿಂಗೊ ಗುಂಪಿನ ನಾಯಕ, ಸುಮಾರು 25 ವರ್ಷದ ರಫಿಕಿ ಎಂಬ ಸಿಲ್ವರ್‌ಬ್ಯಾಕ್, ಸಣ್ಣ ಪ್ರಾಣಿಗಳ ಬೇಟೆಗೆ ಬಂದಿದ್ದವನ ಈಟಿಗೆ ಬಲಿಯಾಯಿತು. ಅಪರಾಧಿಗೆ 11 ವರ್ಷಗಳ ಸೆರೆವಾಸ ವಿಧಿಸಲಾಯಿತು.

ಗಣತಿ ಮತ್ತು ಇಂದಿನ ಸ್ಥಿತಿ

ಗಣತಿಯೂ ಜಾಡು ಹಿಡಿಯುವ ಕಲೆಯನ್ನೇ ಅವಲಂಬಿಸಿದೆ. 2006ರಲ್ಲಿ ಗೂಡುಗಳ ಎಣಿಕೆಯ ಜೊತೆಗೆ ಲದ್ದಿಯಿಂದ ಪಡೆದ ಡಿಎನ್‌ಎ ಪರೀಕ್ಷಿಸಿದಾಗ, ಕೆಲವು ಗೊರಿಲ್ಲಾಗಳು ಒಂದಕ್ಕಿಂತ ಹೆಚ್ಚು ಗೂಡು ಕಟ್ಟಿರುವುದು ತಿಳಿದು, ಬ್ವಿಂಡಿಯ ಸಂಖ್ಯೆ 302 ಎಂದು ನಿರ್ಧಾರವಾಯಿತು. 2011ರಲ್ಲಿ ಅದು 400 ಮತ್ತು 2018ರ ಗಣತಿಯಲ್ಲಿ, ಸರಾಂಬ್ವೆಯನ್ನೂ ಸೇರಿಸಿ, 459 ಆಯಿತು. ಈ ಏರಿಕೆಯಲ್ಲಿ ಹೆಚ್ಚು ವ್ಯಾಪಕವಾದ ಹುಡುಕಾಟದ ಪಾಲೂ ಇದೆ. ವಿರುಂಗಾದ 604ನ್ನು ಕೂಡಿಸಿದರೆ ಒಟ್ಟು ಪರ್ವತ ಗೊರಿಲ್ಲಾಗಳು 1,063. ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟವು 2018ರಲ್ಲಿ ಇವುಗಳನ್ನು ‘ತೀವ್ರ ಅಪಾಯದಲ್ಲಿರುವ’ ವರ್ಗದಿಂದ ‘ಅಪಾಯದಲ್ಲಿರುವ’ ವರ್ಗಕ್ಕೆ ಬದಲಾಯಿಸಿತು. ಬ್ವಿಂಡಿಯ ಸುತ್ತ ದಟ್ಟವಾದ ಕೃಷಿಭೂಮಿ ಇರುವುದರಿಂದ ಸಂಖ್ಯೆ ಹೆಚ್ಚಿದರೂ ಕಾಡು ವಿಸ್ತರಿಸಲು ಜಾಗವಿಲ್ಲ.